ಹಳದಿ ಗೇರು

ಹಳದಿಯೂ ಆಗಬಹುದಲ್ಲ? ಕೆಂಪೇ ಆಗಬೇಕೆಂದು ಎಲ್ಲಿ ಬರೆದಿದೆ? ಅದೂ ಯಾವುದೋ ಒಂದು ಬೀಜದಿಂದ ಹುಟ್ಟಿದ್ದೇ. ಆ ಬೀಜ ಹಳದಿ ಹಣ್ಣಿನದೇ ಆಗಿದ್ದರೆ? ಹತ್ತರಲ್ಲಿ ನಾಲ್ಕು ಪಾಲಾದರೂ ಹಾಗಾಗುವ ಸಾಧ್ಯತೆ ಇರಬೇಕು. ನಾಲ್ಕು ಬೇಡ, ಮೂರು.

ಬಾಯಲ್ಲಿ ಬ್ರಷ್ ಇಟ್ಟುಕೊಂಡು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತ ಕಾಶಿನಾಥನಿಗೆ ಈ ಲೆಕ್ಕ ಬಗೆಹರಿಯುತ್ತಿರಲಿಲ್ಲ. ಎದುರಿಗೆ, ಬಿಲ್ಡಿಂಗಿಗೂ ಕಂಪೌಂಡ್ ಗೋಡೆಗೂ ನಡುವಿನ ಎಂಟಡಿ ಜಾಗದಲ್ಲಿ ಗೇರುಗಿಡ ನಿಂತಿತ್ತು. ನಾಲ್ಕು ವರ್ಷದ ಗಿಡ, ಮೊದಲ ಫಸಲು. ಗೊಂಚಲುಗಳ ತುದಿಯಲ್ಲಿ ಹಸಿರು ಬೀಜಗಳು ತಲೆಕೆಳಗಾಗಿ ತೂಗುತ್ತಿದ್ದವು. ಗೇರಿನಲ್ಲಿ ಬೀಜ ಮೊದಲು ಬೆಳೆಯುತ್ತದೆ, ಹಣ್ಣು ಆಮೇಲೆ ಅದರ ಬೆನ್ನಿಗೆ ಊದಿಕೊಳ್ಳುತ್ತದೆ. ಬಣ್ಣ ಯಾವುದೆಂದು ತಿಳಿಯಲು ಇನ್ನೂ ಮೂರು ವಾರವಾದರೂ ಬೇಕು. ಕಾಯುವುದು ಅವನಿಗೆ ಯಾವತ್ತೂ ಒಲಿಯದ ವಿದ್ಯೆ. ಕುದಿಯುವ ಅನ್ನದ ಮುಚ್ಚಳ ಮೂರು ಸಲ ತೆಗೆದು ನೋಡುವವ. ರೈಲಿಗೆ ಇನ್ನೂ ಎರಡು ನಿಮಿಷ ಎಂದು ಇಂಡಿಕೇಟರ್ ತೋರಿಸುತ್ತಿದ್ದರೂ ಪ್ಲಾಟ್‌ಫಾರ್ಮಿನ ಅಂಚಿಗೆ ಬಂದು ಕತ್ತು ಚಾಚುವವ.

"ದಿನಾ ಮುಂಜಾನೆದ್ದು ಹಿಂಗ ನಿಂತು ನೋಡಿದ್ರ ಅದಕ್ಕರ ನಾಚಿಕಿ ಆಗಂಗಿಲ್ಲೇನು?" ಎಂದು ಒಳಗಿನಿಂದ ಹೆಂಡತಿ ದಾನೇಶ್ವರಿ ಕೇಳಿದಳು. "ಬಸರಿ ಹೆಂಗಸಿನ ಹೊಟ್ಟಿ ಯಾರರ ಹಿಂಗ ನೋಡತಾರೇನು? ಏಳು ನಲವತ್ತೆರಡರ ಲೋಕಲ್ ತಪ್ಪತದ ನೋಡ್ರಿ ಮತ್ತ."

ಅವನು ಬಾಯಿ ಮುಕ್ಕಳಿಸಿ ಒಳಗೆ ಬಂದ.

ಗಿಡ ಅವನ ಹಿತ್ತಿಲಲ್ಲಿದ್ದರೂ ಅವನದಲ್ಲ. ಪಕ್ಕದ ಮನೆಯ ಪ್ರಫುಲ್ಲಾಬಾಯಿಯದು. ಬೊರಿವಲಿಯ ಈ ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿ ಆಕೆಯದು ಒಂದನೆಯ ನಂಬರು, ಇವರದು ಎರಡು. ಅಂಕೋಲೆಯ ಕಡೆಯ ಕೊಂಕಣಿ ಮಾತಿನ ಹೆಂಗಸು, ಓದಿದ್ದು ಕನ್ನಡ ಶಾಲೆಯಲ್ಲಿ. ಇಪ್ಪತ್ತರ ವಯಸ್ಸಿಗೆ ಮುಂಬಯಿಗೆ ಬಂದು ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಗಳು ಅನುರಾಧಾ ಠಾಣೆಯಲ್ಲಿ. ಇಡೀ ಬಿಲ್ಡಿಂಗಿನಲ್ಲಿ ಆಕೆಯೊಡನೆ ಕನ್ನಡ ಆಡುವವರು ಬಯಲುಸೀಮೆಯ ಇಂಡಿ ತಾಲೂಕಿನ ಕಡೆಯಿಂದ ಬಂದ ಈ ಗಂಡ ಹೆಂಡತಿ ಇಬ್ಬರೇ. ನಿಮ್ಮ ಕನ್ನಡ ರೊಟ್ಟಿ ಬಡಿದ ಹಾಗೆ ಕೇಳುತ್ತದೆ ಎಂದು ಆಕೆ ಛೇಡಿಸುತ್ತಿದ್ದಳು. ನಿಮ್ಮದು ಮೂಗಿನಾಗ ಹುಟ್ಟತದ ಎಂದು ದಾನೇಶ್ವರಿ ತಿರುಗಿ ಅನ್ನುತ್ತಿದ್ದಳು.

ಪ್ರಫುಲ್ಲಾಬಾಯಿಗೆ ಒಂದು ಅಭ್ಯಾಸವಿತ್ತು. ಮಾತಿನ ನಡುವೆ ಎದುರಿನವರು ಸುಮ್ಮನಾದರೆ, "ಲೈನ್ ಮೇಲೆ ಇದ್ದೀಯಾ?" ಎಂದು ಕೇಳುವುದು. ಮೂವತ್ತೆರಡು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವಳು. ತಂತಿ ಕಡಿದು ಹೋದ ಮೌನಕ್ಕೂ ಆ ಕಡೆ ಮನುಷ್ಯ ಉಸಿರು ಹಿಡಿದು ನಿಂತ ಮೌನಕ್ಕೂ ವ್ಯತ್ಯಾಸ ತನಗೆ ಗೊತ್ತು ಎಂದು ಹೇಳಿಕೊಳ್ಳುತ್ತಿದ್ದಳು. ಕಾಶಿನಾಥ ಮಿತಭಾಷಿ. ಹಾಗಾಗಿ ಈ ಪ್ರಶ್ನೆ ಹೆಚ್ಚು ಸಲ ಅವನಿಗೇ ಬೀಳುತ್ತಿತ್ತು.

ನಾಲ್ಕು ವರ್ಷದ ಹಿಂದೆ ಆಕೆಯ ಊರಿನಲ್ಲಿ ಹೆದ್ದಾರಿ ಅಗಲ ಮಾಡಲು ತವರಿನ ಹಿತ್ತಿಲು ಹೋಯಿತು. ಅಲ್ಲಿ ಅಪ್ಪ ನೆಟ್ಟ ಒಂದು ಗೇರುಮರವಿತ್ತು. ಸಣ್ಣ ಸಣ್ಣ ಹಳದಿ ಹಣ್ಣು, ಕಚ್ಚಿದರೆ ಗಂಟಲು ಹಿಡಿಯದು. ಬೀಜ ಮಾತ್ರ ಹೆಬ್ಬೆರಳಿನಷ್ಟು ದಪ್ಪ. ಊರಿನ ಉಳಿದೆಲ್ಲ ಹಿತ್ತಿಲಲ್ಲಿ ಕೆಂಪು ಗೇರು, ನಮ್ಮಲ್ಲಿ ಮಾತ್ರ ಹಳದಿ, ಎಂದು ಹೇಳುವಾಗ ಆಕೆ ಏಳು ವರ್ಷದ ಹುಡುಗಿಯ ಹಾಗೆ ಗಲ್ಲ ಎತ್ತುತ್ತಿದ್ದಳು. ಮರ ಕಡಿಯುವ ಮೊದಲು ಆಕೆ ಊರಿಗೆ ಹೋಗಿ, ಕಸಿ ಕಟ್ಟುವವನೊಬ್ಬನನ್ನು ಹುಡುಕಿ, ಅದರ ಮೂರು ಕಡ್ಡಿಗಳನ್ನು ಮೂರು ಸಸಿಗಳಿಗೆ ಕಟ್ಟಿಸಿದಳು. ಎರಡು ಅಲ್ಲೇ ಒಣಗಿದವು. ಒಂದನ್ನು ಹಾಲಿನ ಚೀಲದಲ್ಲಿಟ್ಟು, ತೊಡೆಯ ಮೇಲೆ ಹಿಡಿದುಕೊಂಡು, ರೈಲಿನಲ್ಲಿ ಬೊರಿವಲಿಗೆ ತಂದಳು.

ಆಕೆಯ ಹಿಂಬಾಗಿಲಿನ ಮುಂದೆ ಸಿಮೆಂಟು. ಇವರ ಹಿಂಬಾಗಿಲಿನ ಮುಂದೆ ಮಣ್ಣು. ಮೊಣಕಾಲು ಮಡಚಲಾಗದ ಆಕೆ ಚೀಲವನ್ನು ಕಾಶಿನಾಥನ ಕೈಗೆ ಕೊಟ್ಟು, ಗಿಡ ನನ್ನದು, ಕೈ ನಿನ್ನದು ಎಂದಳು. ಬೆರಳಿಟ್ಟು ತೋರಿಸಿದಳು: ಕೆಳಗಿನದು ಯಾವುದೋ ಬೀಜದಿಂದ ಎದ್ದ ಸಸಿ, ಅದರ ಕೆಲಸ ಬೇರು ಬಿಡುವುದಷ್ಟೇ, ಮೇಲಿನದು ಅಪ್ಪನ ಮರದ ಕಡ್ಡಿ, ಎರಡೂ ಕೂಡುವಲ್ಲಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ.

"ನಾ ಹೇಳೋ ತನಕ ಈ ಕಟ್ಟು ಬಿಚ್ಚಬೇಡ. ಕೆಳಗಿಂದ ಚಿಗುರು ಬಂದ್ರೆ ಚಿವುಟಿ ಹಾಕು. ಅಷ್ಟೇ ಕೆಲಸ, ಪುತಾ."

ಎರಡೂ ಕೆಲಸ ಕಷ್ಟದ್ದಲ್ಲ. ಕಾಶಿನಾಥ ವಿಲೆ ಪಾರ್ಲೆ ಸ್ಟೇಷನ್ ಹತ್ತಿರದ ಚಸ್ಮೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವನು. ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೆ ಲೆನ್ಸ್ ಅಲುಗಾಡುತ್ತದೆ, ಕೂದಲೆಳೆಯಷ್ಟು ಕಡಿಮೆಯಾದರೆ ಒಡೆಯುತ್ತದೆ. ಕೂಡಿಸಿದ ಪ್ರತಿಯೊಂದನ್ನೂ ಅಲ್ಲಾಡಿಸಿ ನೋಡದೆ ಗಿರಾಕಿಗೆ ಕೊಡಬಾರದೆಂಬುದು ಆ ಕೋಣೆಯ ಕಾನೂನು. ಅವನ ಬೆರಳುಗಳಿಗೆ ಬೇರೆ ಕಾನೂನು ಗೊತ್ತಿರಲಿಲ್ಲ.

ಗಿಡ ನೆಟ್ಟ ನಲವತ್ತೊಂದನೆಯ ದಿನ ಭಾನುವಾರ. ಮಳೆ ಬಿಡುವು ಕೊಟ್ಟಿತ್ತು. ಪ್ರಫುಲ್ಲಾಬಾಯಿ ಮಗಳ ಮನೆಗೆ ಹೋಗಿದ್ದಳು. ಕಡ್ಡಿ ಹಸಿರಾಗಿಯೇ ಇತ್ತು, ಆದರೆ ಚಿಗುರಿರಲಿಲ್ಲ. ಹಿಡಿದಿದೆಯೋ ಇಲ್ಲವೋ, ಒಂದು ಸಲ ನೋಡಿ ಮತ್ತೆ ಕಟ್ಟಿದರಾಯಿತು ಎಂದುಕೊಂಡು ಅವನು ಪಟ್ಟಿ ಬಿಚ್ಚಿದ. ಎರಡು ಬೆರಳಲ್ಲಿ ಹಿಡಿದು, ಲೆನ್ಸನ್ನು ನೋಡುವ ಹಾಗೆಯೇ, ಒಂದಿಷ್ಟು ಅಲ್ಲಾಡಿಸಿದ. ಬೀಳಲಿರುವ ಹಲ್ಲಿನ ಹಾಗೆ ಕಡ್ಡಿ ಕದಲಿತು.

ತಕ್ಷಣ ಮತ್ತೆ ಕಟ್ಟಿದ. ಅಂಗಡಿಯಿಂದ ಒಳ್ಳೆಯ ಟೇಪು ತಂದು ಅದರ ಮೇಲೂ ಸುತ್ತಿದ. ಹತ್ತು ದಿನದಲ್ಲಿ ಕಡ್ಡಿ ಕಂದಿ ಕಪ್ಪಾಯಿತು. ಅದರ ಕೆಳಗೆ, ಚಿವುಟಿ ಹಾಕು ಎಂದು ಆಕೆ ಹೇಳಿದ್ದ ಜಾಗದಲ್ಲಿ, ತಾಮ್ರದ ಬಣ್ಣದ ಎರಡು ಚಿಗುರು ಬಂದವು. ಅವನು ಒಣಕಡ್ಡಿಯನ್ನು ಸ್ಕ್ರೂ ಕತ್ತರಿಸುವ ಇಕ್ಕಳದಿಂದ ತುಂಡರಿಸಿ ಎಸೆದ. ಚಿಗುರನ್ನು ಚಿವುಟಲಿಲ್ಲ. ಅದನ್ನೂ ಚಿವುಟಿದರೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಇವತ್ತು ಸಂಜೆ ಹೇಳಿಬಿಡಬೇಕು ಎಂದುಕೊಂಡೇ ಕೆಲಸಕ್ಕೆ ಹೋದ.

ಸಂಜೆ ಅವನು ಬರುವಷ್ಟರಲ್ಲಿ ಪ್ರಫುಲ್ಲಾಬಾಯಿ ಗಿಡದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಆಗಲೇ ಆಕೆಗೆ ದೂರದ್ದು ಅಷ್ಟು ಸರಿಯಾಗಿ ಕಾಣುತ್ತಿರಲಿಲ್ಲ, ಆದರೆ ಎಳೆಯ ಎಲೆಯ ಕೆಂಪು ಕಂಡಿತ್ತು. "ಕಸಿ ಹಿಡೀತಲ್ಲ ಮಾರಾಯಾ," ಎಂದಳು. ಮಾರನೆಯ ದಿನ ಕಡಲೆಬೇಳೆಯ ಮಣಗಣೆ ಪಾಯಸ ಮಾಡಿ ಬಿಲ್ಡಿಂಗಿನ ಎಂಟೂ ಮನೆಗೆ ಹಂಚಿದಳು. ಕಾಶಿನಾಥನ ಪಾಲಿಗೆ ದೊಡ್ಡ ಬಟ್ಟಲು ಬಂತು. ಅವನು ತಿಂದ. ತಿಂದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಆಮೇಲೆ ವರ್ಷಗಳು ಹೋದವು. ಅವನು ಗಿಡಕ್ಕೆ ದಿನಕ್ಕೆ ಎರಡು ಬಕೆಟ್ ನೀರು ಹಾಕಿದ. ಕೊಡ ಹೊತ್ತು ನೀರು ತಂದ ಊರಿನವನು. ನೀರು ಕಂಡ ಗಿಡ ಕೈಬಿಡುವುದಿಲ್ಲ ಎಂಬುದು ಅವನ ಕಡೆಯ ನಂಬಿಕೆ. ಗಿಡ ಹಂದರದ ಹಾಗೆ ಹರಡಿತು, ಹೂವು ಮಾತ್ರ ಬಿಡಲಿಲ್ಲ. ಮೂರನೆಯ ಚಳಿಗಾಲದಲ್ಲೂ ಅದು ಬರೀ ಎಲೆಯಾಗಿ ನಿಂತಾಗ ಪ್ರಫುಲ್ಲಾಬಾಯಿ ಬೈದಳು.

"ನೀರು ನಿಲ್ಲಿಸು. ಬಾಯಾರಿದ್ರೆ ಮಾತ್ರ ಗೇರಿಗೆ ಹೂ ಬಿಡೋ ನೆನಪಾಗ್ತದೆ. ಬಯಲುಸೀಮೆಯವರಿಗೆ ಗೇರು ಅಂದ್ರೆ ಶಿರಾದ ಮೇಲಿನ ಬೀಜ ಅಷ್ಟೇ ಗೊತ್ತು."

ಅವನಿಗೆ ಅಷ್ಟರಲ್ಲಿ ಅದು ಗೊತ್ತಿತ್ತು. ಮೊಬೈಲಿನಲ್ಲಿ ಓದಿದ್ದ. ಓದಿಯೂ ನೀರು ಹಾಕುತ್ತಲೇ ಇದ್ದ. ಎಲೆಯಾಗಿ ಇರುವಷ್ಟು ದಿನ ಗಿಡ ಯಾರಿಗೂ ಏನನ್ನೂ ಹೇಳುವುದಿಲ್ಲ. ಆದರೆ ಆಕೆಯೇ ಬಾಯಿಬಿಟ್ಟು ಹೇಳಿದ ಮೇಲೆ ಬಕೆಟ್ ಹಿಡಿದು ಹೋಗುವುದಕ್ಕೆ ನೆಪ ಉಳಿಯಲಿಲ್ಲ. ಮರುವರ್ಷದ ಡಿಸೆಂಬರಿನಲ್ಲಿ ಮೊದಲ ಹೂಗೊಂಚಲು ಬಂತು.

ಅದೇ ವಾರ ಆಕೆ ಕಣ್ಣಿನ ಆಸ್ಪತ್ರೆಯಿಂದ ಚೀಟಿ ಹಿಡಿದು ಅವನ ಮನೆಗೆ ಬಂದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಯಾವಾಗ ಬೇಕಾದರೂ ತೆಗೆಯಬಹುದು ಎಂದು ಡಾಕ್ಟರು ಹೇಳಿದ್ದರು. ಆಕೆಗೆ ಡಾಕ್ಟರಿಗಿಂತ ಕಾಶಿನಾಥನ ಮೇಲೆ ಹೆಚ್ಚು ಭರವಸೆ. ಡಾಕ್ಟರು ಕಣ್ಣು ನೋಡುವುದು ಐದು ನಿಮಿಷ, ಇವನು ಇಪ್ಪತ್ತಾರು ವರ್ಷದಿಂದ ಕಣ್ಣಿನ ಕೆಲಸದಲ್ಲೇ ಇದ್ದಾನೆ.

"ಈಗ ಮಾಡಿಸಲಾ, ಮಳೆಗಾಲ ಆದ ಮೇಲೆ ಮಾಡಿಸಲಾ? ನಮ್ಮ ಕಾಲದಲ್ಲಿ ಮೋತಿಬಿಂದು ಹಣ್ಣಾಗಬೇಕು ಅಂತಿದ್ರು."

ಹಾಗೆ ಕಾಯುವ ಕಾಲ ಹೋಯಿತೆಂದು ಕಾಶಿನಾಥನಿಗೆ ಗೊತ್ತಿತ್ತು. ದಿನಕ್ಕೆ ನಾಲ್ಕು ಗಿರಾಕಿಗಳಿಗೆ ಅವನೇ ಹೇಳುತ್ತಿದ್ದ: ಹಣ್ಣಾಗೋದೇನಿಲ್ಲರಿ, ಬೇಗ ಮಾಡಿಸಿದಷ್ಟು ಛಲೋ. ಈಗಲೂ ಅದನ್ನೇ ಹೇಳಲು ಬಾಯಿ ತೆರೆದ. ಬಂದದ್ದು ಬೇರೆ.

"ಅವಸರೇನದರಿ ಬಾಯಾರ. ಹಣ್ಣಾಗಲಿ."

ಆಕೆ ತಲೆಯಾಡಿಸಿ ಚೀಟಿ ಮಡಚಿದಳು. ತಾನು ಯಾಕೆ ಹಾಗೆ ಹೇಳಿದೆನೆಂದು ಅವನಿಗೆ ಆ ಕ್ಷಣಕ್ಕೆ ತಿಳಿಯಲಿಲ್ಲ. ಮರುದಿನ ಲೋಕಲಿನಲ್ಲಿ, ಮಲಾಡ್ ದಾಟುವಾಗ, ಎದುರಿನವನ ಬೆನ್ನಿಗೆ ಮುಖ ಒತ್ತಿ ನಿಂತಿದ್ದಾಗ ತಿಳಿಯಿತು. ಪೊರೆ ಬಂದ ಕಣ್ಣಿಗೆ ಎಲ್ಲವೂ ಹಳೆಯ ಫೋಟೋದ ಹಾಗೆ, ಒಂದು ಕಂದು ಹಳದಿಯಲ್ಲಿ ಕಾಣುತ್ತದೆ.

ಅಂದಿನಿಂದ ಲೋಕಲಿನಲ್ಲಿ ಅವನಿಗೆ ಇದೇ ಕೆಲಸ. ಕಾಂದಿವಲಿಯಲ್ಲಿ ಒಂದು ವಾಕ್ಯ ಶುರು ಮಾಡುತ್ತಿದ್ದ: ಬಾಯಾರ, ಒಂದು ಮಾತು ಹೇಳೋದಿತ್ತು. ಗೋರೆಗಾಂವಿನ ತನಕ ಅದು ಸರಿಯಾಗಿ ಬರುತ್ತಿತ್ತು. ಅಂಧೇರಿಯಲ್ಲಿ ಜನ ನುಗ್ಗುವ ಹೊತ್ತಿಗೆ ಯಾವ ಮಾತಿನ ಮುಂದೆ ಯಾವುದು ಎಂದು ಕಲಸಿ ಹೋಗುತ್ತಿತ್ತು. ಕಟ್ಟು ಬಿಚ್ಚಿದ್ದನ್ನು ಮೊದಲು ಹೇಳಬೇಕೋ, ಕಣ್ಣಿನದ್ದನ್ನೋ? ವಿಲೆ ಪಾರ್ಲೆಯಲ್ಲಿ ಇಳಿದರೆ ಕೆಲಸ ಇರುತ್ತಿತ್ತು. ಸಂಜೆ ಮತ್ತೆ ಮೊದಲಿನಿಂದ.

ಮಾರ್ಚ್ ಕೊನೆಯ ವಾರ ಪ್ರಫುಲ್ಲಾಬಾಯಿ ಹಿಂಬಾಗಿಲ ಮೆಟ್ಟಿಲಲ್ಲಿ ಬಿದ್ದಳು. ದಿನಾ ಮಧ್ಯಾಹ್ನ ಇವರ ಹಿತ್ತಿಲಿಗೆ ಬಂದು ಕೈಗೆಟುಕುವ ಗೊಂಚಲನ್ನು ಸವರಿ, ಹಣ್ಣು ಎಷ್ಟು ಊದಿದೆಯೆಂದು ಬೆರಳಲ್ಲಿ ಅಳೆದು ಹೋಗುತ್ತಿದ್ದಳಂತೆ. ಆ ದಿನ ಮೆಟ್ಟಿಲಿನ ಅಂಚು ಕಾಣಲಿಲ್ಲ. ಎಲುಬು ಮುರಿಯಲಿಲ್ಲ, ಆದರೆ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು.

ಅನುರಾಧಾ ಠಾಣೆಯಿಂದ ಓಡಿ ಬಂದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಆಡಲು ಅರ್ಧ ಬರುತ್ತಿತ್ತು. ಆಪರೇಶನ್ ಯಾಕೆ ಮಾಡಿಸಿಲ್ಲ ಎಂದು ತಾಯಿಯನ್ನು ಬೈದಳು. ತಾಯಿ, ಕಾಶಿನಾಥ ಹೇಳಿದ, ಹಣ್ಣಾಗಬೇಕಂತೆ, ಎಂದಳು. ಅನುರಾಧಾ ಬಾಗಿಲಲ್ಲಿ ನಿಂತಿದ್ದ ಅವನ ಕಡೆ ತಿರುಗಿದಳು.

"ಅಂಕಲ್, ಆಜ್‌ಕಲ್ ಯಾರೂ ಹಂಗೆ ವೇಟ್ ಮಾಡೋದಿಲ್ಲ ಅಲ್ಲಾ? ನಿಮಗೆ ತೋ ಗೊತ್ತಿರತದೆ."

ಹೇಳುವುದಿದ್ದರೆ ಈಗ, ಎಂದು ಅವನೊಳಗೆ ಯಾವುದೋ ಎದ್ದು ನಿಂತಿತು. ಹೊಲಿಗೆ ಹಾಕಿದ ಹುಬ್ಬಿನ ಕೆಳಗೆ ಪ್ರಫುಲ್ಲಾಬಾಯಿಯ ಮಬ್ಬು ಕಣ್ಣು ಅವನು ಇರಬಹುದಾದ ಕಡೆ ನೋಡುತ್ತಿತ್ತು.

"ಒಬ್ಬೊಬ್ಬರು ಒಂದೊಂದು ಹೇಳತಾರ್ರಿ," ಎಂದ.

"ಅವನನ್ನ ಬಿಡು," ಎಂದಳು ಪ್ರಫುಲ್ಲಾಬಾಯಿ. "ಬಿದ್ದದ್ದು ನಾನು, ಕಾಲು ನಂದು. ಮೊದಲ ಹಣ್ಣು ಬೀಳಲಿ, ಮರುದಿನವೇ ಬರ್ತೇನೆ ನಿನ್ನ ಆಪರೇಶನ್‌ಗೆ."

ಆಕೆಯ ತವರಿನಲ್ಲಿ ಹೊಸ ಗೇರಿನ ಮೊದಲ ಹಣ್ಣನ್ನು ಕೀಳುತ್ತಿರಲಿಲ್ಲ. ಅದು ತಾನಾಗಿ ಮಣ್ಣಿಗೆ ಬೀಳಬೇಕು. ಬಿದ್ದದ್ದನ್ನು ದೇವರ ಮುಂದಿಟ್ಟು, ಆಮೇಲೆ ಮನೆಯ ಹಿರಿಯರು ಕಚ್ಚಬೇಕು. ಅಲ್ಲಿಯ ತನಕ ಉಳಿದವಕ್ಕೆ ಕೈ ಹಚ್ಚುವಂತಿಲ್ಲ. ಎಳೆಯ ಬೀಜ ಕಿತ್ತು ಪಲ್ಯ ಮಾಡಿದರೆ ಎಷ್ಟು ರುಚಿಯಂತಲ್ಲ ಬಾಯಾರ, ಎಂದು ಕಾಶಿನಾಥ ಅದಕ್ಕೂ ಮೊದಲು ಎರಡು ಸಲ ಪ್ರಸ್ತಾಪ ಮಾಡಿದ್ದ. ಹಸಿರಿರುವಾಗಲೇ ಎಲ್ಲ ಕಿತ್ತರೆ ಬಣ್ಣದ ಮಾತೇ ಬರುವುದಿಲ್ಲ. ಆಕೆ ನಕ್ಕಿದ್ದಳು. ಬಾಯಿಚಪಲ ನೋಡು ಬಯಲುಸೀಮೆಯವಂದು, ನಾಲ್ಕು ವರ್ಷ ಕಾದವನಿಗೆ ನಾಲ್ಕು ವಾರ ಆಗೋದಿಲ್ಲವಾ?

ಏಪ್ರಿಲ್ ಎಂಟರ ಮುಂಜಾನೆ ಕೆಳಗಿನ ಕೊಂಬೆಯ ಹಣ್ಣೊಂದರ ಹೆಗಲಲ್ಲಿ ಬಣ್ಣ ಕಂಡಿತು. ಬಿಸಿಲು ಬಿದ್ದದ್ದಕ್ಕೆ ಹಾಗಿರಬಹುದು ಎಂದುಕೊಂಡ. ಮರುದಿನ ಅರ್ಧ ಹಣ್ಣಿಗೆ ಇಳಿದಿತ್ತು. ಮೂರನೆಯ ದಿನ ಅನುಮಾನಕ್ಕೆ ಜಾಗವಿರಲಿಲ್ಲ. ಕುಂಕುಮದಷ್ಟೇ ಕೆಂಪು.

ದಾನೇಶ್ವರಿ ಒಗೆದ ಬಟ್ಟೆ ಹರವಲು ಬಂದವಳು ನಿಂತಳು.

"ಅಕಿ ಹಳದಿ ಹಳದಿ ಅಂತಿದ್ಲು. ಇದು ಕೆಂಪದಲ್ರೀ?"

"ಮಣ್ಣು ಬ್ಯಾರೆ ಅಲ್ಲ."

"ಮಣ್ಣು ಬ್ಯಾರೆ ಆದ್ರ ಬಣ್ಣ ಬ್ಯಾರೆ ಆಗತದೇನು? ನಮ್ಮೂರ ಬಿಳಿಜೋಳ ಇಲ್ಲಿ ಬಿತ್ತಿದ್ರ ಹಸಿರಾಗತದೇನು?"

ದಾನೇಶ್ವರಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಇಪ್ಪತ್ತು ವರ್ಷ ಜೊತೆಯಲ್ಲಿದ್ದವಳಿಗೆ ಅಷ್ಟು ಸಾಕಾಯಿತು. ಕೈಯಲ್ಲಿದ್ದ ಟಾವೆಲನ್ನು ಜಾಡಿಸಿ ತಂತಿಯ ಮೇಲೆ ಹಾಕಿದಳು. "ನಾ ಏನೂ ಹೇಳಂಗಿಲ್ಲ," ಎಂದಳು. "ಬಣ್ಣ ಅಕಿಗೆ ನೀವ ಹೇಳ್ರಿ."

ಹಣ್ಣು ಬಿದ್ದದ್ದು ಭಾನುವಾರ ಮುಂಜಾನೆ, ಅವನು ಎದುರಿಗೆ ನಿಂತಿರುವಾಗಲೇ. ಸದ್ದೂ ದೊಡ್ಡದಲ್ಲ. ಎತ್ತಿಕೊಂಡ. ಬೆಚ್ಚಗಿತ್ತು, ಹುಳಿಸಿಹಿ ವಾಸನೆ ಹೊಡೆಯುತ್ತಿತ್ತು. ಕಂಪೌಂಡ್ ಗೋಡೆಯ ಆಚೆ ಎಸೆದು ಇನ್ನೂ ಬಿದ್ದಿಲ್ಲ ಎಂದುಬಿಡಬಹುದಿತ್ತು. ಆದರೆ ಅದರ ಹಿಂದೆ ನಾಳೆ ಇನ್ನೊಂದು ಬೀಳುತ್ತಿತ್ತು. ಅವನು ಅದನ್ನು ಒಯ್ದು ಪ್ರಫುಲ್ಲಾಬಾಯಿಯ ಅಂಗೈಯಲ್ಲಿಟ್ಟ.

ಆಕೆ ಬೆರಳಿನಿಂದ ಬೀಜದ ಬೆನ್ನು ಸವರಿದಳು. ಹಣ್ಣನ್ನು ಮೂಗಿಗೆ ಹಿಡಿದಳು. ಕಿಟಕಿಯ ಬೆಳಕಿಗೆ ಎತ್ತಿ, ಕಣ್ಣಿನ ಹತ್ತಿರ, ಇನ್ನೂ ಹತ್ತಿರ ತಂದಳು. ಆಮೇಲೆ ಕೈ ಇಳಿಸಿದಳು.

"ನನ್ನ ಕಣ್ಣಿಗೆ ಎಲ್ಲ ಒಂದೇ. ನೀ ಹೇಳು, ಬಣ್ಣ ಯಾವುದು?"

"ಹಳದಿ," ಎಂದ ಕಾಶಿನಾಥ.

ದೇವರ ಮುಂದಿಟ್ಟು, ದೀಪ ಹಚ್ಚಿ, ಬೀಜ ಬೇರ್ಪಡಿಸಿ, ಆಕೆ ಹಣ್ಣು ಕಚ್ಚಿದಳು. ಎರಡು ಸಲ ಅಗಿದವಳು ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ದಾನೇಶ್ವರಿ ಓಡಿ ಹೋಗಿ ನೀರು ತಂದುಕೊಟ್ಟಳು.

"ಗಂಟಲು ಹಿಡೀತು," ಎಂದಳು, ಸೋಜಿಗಪಟ್ಟವಳ ಹಾಗೆ. ಸ್ವಲ್ಪ ಹೊತ್ತಿನ ಮೇಲೆ, "ಬೊರಿವಲಿ ನೀರು," ಎಂದು ತಾನೇ ಸಮಾಧಾನ ಹೇಳಿಕೊಂಡಳು. ಉಳಿದ ಅರ್ಧ ಹಣ್ಣನ್ನು ಬಿಡದೆ ತಿಂದಳು.

ಆ ವಾರವೇ ಬಲಗಣ್ಣಿನ ಆಪರೇಶನ್ ಆಯಿತು. ಆಮೇಲೆ ಒಂದು ತಿಂಗಳು ಧೂಳಿರಬಾರದು, ಮೆಟ್ಟಿಲಿರಬಾರದು ಎಂದು ಅನುರಾಧಾ ತಾಯಿಯನ್ನು ಠಾಣೆಗೆ ಕರೆದೊಯ್ದಳು. ಬೊರಿವಲಿಯ ಗಿಡ ಬಿಸಿಲಿಗೆ ಹುಚ್ಚು ಹಿಡಿದ ಹಾಗೆ ಕೆಂಪಾಯಿತು. ದಿನಕ್ಕೆ ಐದು, ದಿನಕ್ಕೆ ಎಂಟು. ಕಾಶಿನಾಥ ಬಿದ್ದದ್ದನ್ನು ಬಿದ್ದ ಹಾಗೆ ಹೆಕ್ಕಿ, ಬೀಜಗಳನ್ನು ಆಕೆಗೆಂದು ಡಬ್ಬಿಯಲ್ಲಿ ತುಂಬಿಟ್ಟು, ಹಣ್ಣುಗಳನ್ನು ಚೀಲದಲ್ಲಿ ಹಾಕಿ ಅಂಗಡಿಗೆ ಒಯ್ಯತೊಡಗಿದ. ಅದರ ವಾಸನೆ ರೈಲುಡಬ್ಬಿಯ ತುಂಬ ಹರಡಿ, ಮುಂಜಾನೆ ಮುಂಜಾನೆ ಯಾರು ಕುಡಿದು ಬಂದಿದ್ದಾರೆ ಎಂದು ಏಳು ನಲವತ್ತೆರಡರ ಗುಂಪು ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಅಂಗಡಿಯ ಮಾಲೀಕ ಕಿಶೋರಭಾಯಿ ಉಪ್ಪು ಹಚ್ಚಿ ತಿಂದು, ಇಂಥ ಚಂದದ ಹಣ್ಣನ್ನು ಯಾಕೆ ಕಳ್ಳಮಾಲಿನ ಹಾಗೆ ಮುಚ್ಚಿ ತರುತ್ತೀ ಎಂದು ಕೇಳಿದ.

ಮೇ ಮಧ್ಯದಲ್ಲಿ ಡಾಕ್ಟರು ಚಸ್ಮೆಯ ಹೊಸ ನಂಬರು ಕೊಟ್ಟರು. ಅನುರಾಧಾ ಚೀಟಿಯ ಫೋಟೋ ಕಳಿಸಿದಳು. ಅಮ್ಮ ನಿಮ್ಮ ಕೈಯಿಂದಲೇ ಚಸ್ಮೆ ಹಾಕಿಕೊಳ್ಳುತ್ತಾಳಂತೆ, ತಯಾರಾದ ದಿನವೇ ಬೊರಿವಲಿಗೆ ಕರೆತರುತ್ತೇನೆ.

ಗಿಡದಲ್ಲಿ ಆಗ ಇಪ್ಪತ್ತರಷ್ಟು ಹಣ್ಣಿದ್ದವು. ಲೆನ್ಸ್ ಎರಡೇ ದಿನದಲ್ಲಿ ಬಂತು. ಅವನು ಅದನ್ನು ಡ್ರಾಯರಿನಲ್ಲಿಟ್ಟ. ಇನ್ನು ಎರಡು ವಾರ ಕಳೆದರೆ ಮಳೆ. ಮಳೆ ಬಿದ್ದರೆ ಗಿಡ ಮತ್ತೆ ಬರೀ ಎಲೆ. ಮುಂದಿನ ಬೇಸಿಗೆಯದು ಮುಂದಿನ ಬೇಸಿಗೆಗೆ. ದಿನಾ ಬೇರೆಯವರ ಲೆನ್ಸ್ ಉಜ್ಜಿದ, ದಿನಾ ಒಂದು ಸಲ ಡ್ರಾಯರ್ ತೆಗೆದು ನೋಡಿ ಮುಚ್ಚಿದ. ಈ ಕೆಲಸ ಎಂದಿನಿಂದ ಬಿದ್ದಿದೆಯೆಂದು ಕಿಶೋರಭಾಯಿ ಎರಡು ಸಲ ಕೇಳಿದ.

ಒಂಬತ್ತನೆಯ ದಿನ ಊಟಕ್ಕೆ ಬಡಿಸುತ್ತ ದಾನೇಶ್ವರಿ ಹೇಳಿದಳು. "ಬಾಯಾರು ಫೋನ್ ಮಾಡಿದ್ರು. ಗಿಡದಾಗ ಇನ್ನ ಹಣ್ಣ ಅದಾವೇನು ಅಂತ ಕೇಳಿದ್ರು."

"ಏನಂದಿ?"

"ತುದೀಗೆ ಮೂರು ಅದಾವ ಅಂದೆ. ಇದ್ದದ್ದ ಹೇಳಿದೆ." ರೊಟ್ಟಿ ಮುರಿದು ಅವನ ತಾಟಿಗೆ ಹಾಕಿದಳು. "ಅಷ್ಟು ಸಾಕು, ನಾ ಬರೂತನಕ ಕೀಳಬ್ಯಾಡ್ರಿ, ಕಣ್ಣಿಲೆ ನೋಡಬೇಕು ಅಂದ್ರು."

ಮರುದಿನ ಅವನು ಕೆಲಸಕ್ಕೆ ಕೂತದ್ದೇ ಆ ಲೆನ್ಸ್ ತೆಗೆದ. ಮೇಲೆ ದೂರದ ನಂಬರು, ಕೆಳಗೆ ಓದುವುದಕ್ಕೆ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ನಿಧಾನವಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಫ್ರೇಮಿಗೆ ಕೂರಿಸಿ, ಅಲ್ಲಾಡಿಸಿ ನೋಡಿದ. ಬಿಗಿಯಾಗಿ ಕೂತಿತ್ತು.

ಭಾನುವಾರ ಪ್ರಫುಲ್ಲಾಬಾಯಿ ಬಂದಳು. ಕಪ್ಪು ಕನ್ನಡಕ, ಹುಬ್ಬಿನ ಮೇಲೆ ಹೊಲಿಗೆಯ ಬಿಳಿ ಗೆರೆ. ಅನುರಾಧಾ ಕಾರು ನಿಲ್ಲಿಸಲು ಹೋಗಿದ್ದಳು. ದಾನೇಶ್ವರಿ ಕುರ್ಚಿ ತಂದು ಹಿಂಬಾಗಿಲಲ್ಲಿ ಹಾಕಿ, ಗಂಡನನ್ನು ಒಂದು ಸಲ ನೋಡಿ, ಚಹಾ ಮಾಡುತ್ತೇನೆಂದು ಒಳಗೆ ಹೋದಳು. ಕಾಶಿನಾಥ ಕಪ್ಪು ಕನ್ನಡಕ ತೆಗೆದು, ಹೊಸದನ್ನು ಆಕೆಯ ಮೂಗಿನ ಮೇಲೆ ಕೂರಿಸಿ, ಹಿಂದಕ್ಕೆ ಸರಿದ.

ಆಕೆ ಮೊದಲು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಅವನನ್ನು ನೋಡಿ, ಇಷ್ಟು ಮುದುಕ ಆಗಿದ್ದೀಯಾ ನೀನು, ಎಂದಳು. ಆಮೇಲೆ ತಲೆಯೆತ್ತಿದಳು. ತುದಿಯ ಕೊಂಬೆಯಲ್ಲಿ ಮೂರು ಹಣ್ಣು ಹತ್ತು ಗಂಟೆಯ ಬಿಸಿಲಿಗೆ ಹೊಳೆಯುತ್ತಿದ್ದವು.

"ಕೆಂಪು," ಎಂದಳು.

ಒಳಗೆ ಗ್ಯಾಸಿನ ಮೇಲೆ ಪಾತ್ರೆ ಇಟ್ಟ ಸದ್ದಾಯಿತು.

"ಕಸಿ ಕಟ್ಟಿದವ ಅವತ್ತೇ ಹೇಳಿದ್ದ," ಎಂದಳು ಆಕೆ, ಗಿಡದಿಂದ ಕಣ್ಣು ತೆಗೆಯದೆ. "ಮೂರಕ್ಕೆ ಒಂದು ಉಳಿದರೆ ಪುಣ್ಯ ಅಂತ. ಒಣಗೋದಿದ್ರೆ ಒಣಗ್ತದೆ. ಯಾರ ಕೈಯಲ್ಲಾದರೂ ಒಣಗ್ತದೆ. ಅದಕ್ಕೆ ಯಾರೂ ಯಾರನ್ನೂ ಬೈಯೋದಿಲ್ಲ."

ಕಾಶಿನಾಥನ ಕೈಯಲ್ಲಿ ಕಪ್ಪು ಕನ್ನಡಕವಿತ್ತು. ಅದರ ಕಡ್ಡಿಯನ್ನು ಮಡಚಿದ, ಬಿಚ್ಚಿದ, ಮಡಚಿದ. ಕಾಂದಿವಲಿಯಿಂದ ಗೋರೆಗಾಂವಿನ ತನಕ ಅಷ್ಟು ಸಲ ಸರಿಯಾಗಿ ಬಂದ ವಾಕ್ಯ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಲೈನ್ ಮೇಲೆ ಇದ್ದೀಯಾ, ಕಾಶಿನಾಥಾ?"

"ಫ್ರೇಮ್ ಕಿವಿ ಹಿಂದ ಬಿಗಿ ಆಗೇದೇನ್ರಿ, ಬಾಯಾರ?" ಎಂದು ಅವನು ಕೇಳಿದ.

ಆಕೆ ಕಿವಿಯ ಹಿಂದಿನ ಕಡ್ಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇಲ್ಲ," ಎಂದಳು. "ಸರಿಯಾಗಿದೆ."

ದಾನೇಶ್ವರಿ ಚಹಾ ತಂದಳು. ಮಧ್ಯಾಹ್ನ ಪ್ರಫುಲ್ಲಾಬಾಯಿಯೇ ಕೋಲಿನಿಂದ ತೋರಿಸಿ ಆ ಮೂರು ಹಣ್ಣನ್ನೂ ಕೀಳಿಸಿ, ಉಪ್ಪು ಖಾರ ಹಚ್ಚಿ ಎಲ್ಲರಿಗೂ ಹಂಚಿದಳು. ಮುಂದಿನ ವರ್ಷವೂ ಗಿಡ ಕೆಂಪಾಯಿತು, ಅದರ ಮುಂದಿನ ವರ್ಷವೂ. ಹಳದಿಯ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ, ಲೈನ್ ಮೇಲೆ ಇದ್ದೀಯಾ ಎಂದೂ ಅವನನ್ನು ಮತ್ತೆ ಕೇಳಲಿಲ್ಲ. ನಲವತ್ತೊಂದನೆಯ ದಿನ ಕಟ್ಟು ಬಿಚ್ಚಿದ್ದು ತಾನು, ಆಕೆಯ ಕಣ್ಣನ್ನು ಚಳಿಗಾಲದಿಂದ ಬೇಸಿಗೆಯ ತನಕ ಕಾಯಿಸಿದ್ದೂ ಅದನ್ನು ಮುಚ್ಚಿಡಲೆಂದೇ ಎಂದು ಕಾಶಿನಾಥ ಪ್ರಫುಲ್ಲಾಬಾಯಿಗೆ ಎಂದೂ ಹೇಳಲಿಲ್ಲ.